ಹರಿದುಹೋದ ಕೊನೆಯ ನಾಲ್ಕು ಹಾಳೆ

ಐತಿಹಾಸಿಕ ಕಾದಂಬರಿಯನ್ನು ಪೆನ್ಸಿಲ್ ಇಲ್ಲದೆ ಓದಿದ ನೆನಪು ನನಗಿಲ್ಲ. ಓದುವಾಗ ಕೆಲವರು ಮಗ್ಗುಲಲ್ಲಿ ಚಹಾ ಇಟ್ಟುಕೊಳ್ಳುತ್ತಾರೆ, ಕೆಲವರು ಚುರುಮುರಿ ಇಟ್ಟುಕೊಳ್ಳುತ್ತಾರೆ. ನಾನು ಒಂದು ಪೆನ್ಸಿಲ್ಲನ್ನೂ ತಿಥಿ-ವಾರಗಳ ಕೋಷ್ಟಕವಿರುವ ಒಂದು ದಪ್ಪ ಪುಸ್ತಕವನ್ನೂ ಇಟ್ಟುಕೊಳ್ಳುತ್ತೇನೆ. ಶಾಸನಗಳಲ್ಲಿ ಬರುವ ಸಂವತ್ಸರ, ಮಾಸ, ತಿಥಿಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವುದೇ ನನ್ನ ನೌಕರಿಯಾಗಿತ್ತು. ನಿವೃತ್ತನಾಗಿ ಸಿಂದಗಿಗೆ ಬಂದು ನೆಲೆಸಿದ ಮೇಲೆ ನೌಕರಿ ಹೋಯಿತು, ಚಟ ಉಳಿಯಿತು. ಮದುವೆಯ ಆಮಂತ್ರಣ ಪತ್ರಿಕೆ ಕೈಗೆ ಬಂದರೂ ಮೊದಲು ತಿಥಿಗೂ ವಾರಕ್ಕೂ ಹೊಂದಾಣಿಕೆ ಇದೆಯೇ ಎಂದು ನೋಡಿ, ಆಮೇಲೆ ವಧೂವರರ ಹೆಸರು ಓದುತ್ತೇನೆ. ಇದರಿಂದಾಗಿ ನನ್ನನ್ನು ಮದುವೆಗಳಿಗೆ ಕರೆಯುವವರು ಕಡಿಮೆಯಾಗಿದ್ದಾರೆಂದು ನನ್ನ ಹೆಂಡತಿಯ ಅನಿಸಿಕೆ.

ಇಂಥವನ ಕೈಗೆ ಕಾದಂಬರಿ ಸಿಕ್ಕರೆ ಅದರ ಗತಿ ಏನಾದೀತು, ನೀವೇ ಊಹಿಸಿ. ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ ಕುದುರೆಗಳು ಕಲ್ಯಾಣದಿಂದ ಹೊರಟರೆ ಬನವಾಸಿಯವರೆಗೆ ನೀರು ಕುಡಿಯುವುದಿಲ್ಲ. ದಂಡನಾಯಕರಿಗೆ ಎಂದೂ ಇಪ್ಪತ್ತೈದು ದಾಟುವುದಿಲ್ಲ. ಎಷ್ಟು ದಂಡಯಾತ್ರೆ ಮಾಡಿದರೂ ಒಬ್ಬನಿಗೂ ನೆಗಡಿಯಾಗುವುದಿಲ್ಲ. ಮೆಣಸಿನಕಾಯಿ ಈ ನೆಲಕ್ಕೆ ಬಂದು ಇಳಿಯುವ ಎಷ್ಟೋ ಶತಮಾನ ಮೊದಲೇ ಅರಮನೆಯ ಅಡುಗೆಯವರು ಕೆಂಪು ಚಟ್ನಿ ಅರೆಯುತ್ತಿರುತ್ತಾರೆ. ಇಂಥ ಕಡೆಯಲ್ಲೆಲ್ಲ ನನ್ನ ಪೆನ್ಸಿಲ್ ಅಂಚಿನಲ್ಲಿ ಒಂದು ಗೀಟು ಎಳೆದು, ‘ಅಸಾಧ್ಯ’ ಎಂದೋ ‘ಆಧಾರ?’ ಎಂದೋ ಬರೆದು ಮುಂದೆ ಹೋಗುತ್ತದೆ.

ಪ್ರೇಮ ಕಾದಂಬರಿಗಳೊಡನೆ ನನ್ನ ತಕರಾರು ಬೇರೆ ಬಗೆಯದು. ಅವುಗಳಲ್ಲಿ ನಾಯಕ ನಾಯಕಿಯರು ಬಾಯಿಬಿಟ್ಟು ಮಾತಾಡಬೇಕಾದರೆ ಮಳೆ ಬರಬೇಕು, ಕೊಡೆ ಒಂದೇ ಇರಬೇಕು. ನಮ್ಮ ನೆರೆಯ ಇಂಡಿ ತಾಲೂಕಿನಲ್ಲಿ ಹಾಗೆ ಮಳೆಗಾಗಿ ಕಾದು ಕುಳಿತರೆ ಪ್ರೇಮಿಗಳಿಗೆ ಮುಪ್ಪು ಬಂದೀತು. ತೋಟದಲ್ಲಿ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡುವುದೂ ಇಲ್ಲಿ ಆಗದ ಮಾತು. ಇಲ್ಲಿಯವು ಲಿಂಬೆಯ ತೋಟಗಳು, ಮೈತುಂಬ ಮುಳ್ಳು. ಹೀಗಾಗಿ ನಮ್ಮ ಕಡೆಯ ಪ್ರೇಮಗಳೆಲ್ಲ ಬಿಸಿಲಿನಲ್ಲಿ, ನಿಂತಲ್ಲೇ ನಿಂತು, ಹೆಚ್ಚು ಮಾತಿಲ್ಲದೆ ಮುಗಿಯುತ್ತವೆ. ಅದನ್ನು ಯಾರೂ ಕಾದಂಬರಿ ಮಾಡಿಲ್ಲ.

ಇಷ್ಟೆಲ್ಲ ಗದರುವವನು ಈ ಪುಸ್ತಕಗಳನ್ನು ಮುಟ್ಟುವುದಾದರೂ ಏಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಹೇಳುವುದಕ್ಕೆ ನಾನು ಬಸವನ ಬಾಗೇವಾಡಿಯ ನಮ್ಮ ಮನೆಯ ಪಡಸಾಲೆಗೆ ಹೋಗಬೇಕು. ಹೋಗುವುದಕ್ಕೆ ಕಾರಣ ಕೊಟ್ಟದ್ದು ಹೋದ ತಿಂಗಳು ಇಂಡಿಯಲ್ಲಿ ಸಿಕ್ಕ ಒಂದು ಪುಸ್ತಕ.

ಇಂಡಿಯಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರು ಮನೆಗೆ ಸುಣ್ಣ ಹೊಡೆಸುತ್ತಿದ್ದರು. ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಂಗಳದಲ್ಲಿಟ್ಟು, “ಬೇಕಾದ್ದು ತಗೋರಿ, ಉಳಿದದ್ದು ಇಲಿಗೆ” ಎಂದರು. ಎರಡನೆಯ ಚೀಲದಲ್ಲಿ ಕೈಯಾಡಿಸುವಾಗ ಆ ಕಾದಂಬರಿ ಬಂತು. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ; ಬರೆದವರ ಮೊಮ್ಮಕ್ಕಳು ಇದ್ದಾರು. ಒಬ್ಬ ದಂಡನಾಯಕ, ಒಬ್ಬ ಗಾವುಂಡನ ಮಗಳು, ನಡುವೆ ಭೀಮಾ ನದಿ, ಇಷ್ಟೇ ಕಥೆ. ನಾನು ಜೀವನದಲ್ಲಿ ಮೊದಲ ಬಾರಿಗೆ ಒಂದು ಪುಸ್ತಕವನ್ನು ಹಿಂದಿನಿಂದ ತೆರೆದೆ. ಕೊನೆಯ ನಾಲ್ಕು ಹಾಳೆಗಳು ಇದ್ದವು. ಗೋಣಿಚೀಲದ ಮೇಲೆಯೇ ಕುಳಿತುಬಿಟ್ಟೆ.

ಬಾಗೇವಾಡಿಯ ವಾಚನಾಲಯದ ಪ್ರತಿಯಲ್ಲಿ ಆ ನಾಲ್ಕು ಹಾಳೆಗಳು ಇರಲಿಲ್ಲ.

ನನ್ನ ಅಕ್ಕ ಶಾಂತಕ್ಕ ಆಗಿನ್ನೂ ಮದುವೆಯಾಗಿರಲಿಲ್ಲ. ಅದು ಯಾವ ವರ್ಷವೆಂಬುದನ್ನು ನನ್ನ ಕಾಲೇಜಿನ ಅಂಕಪಟ್ಟಿಯೊಡನೆ ತಾಳೆ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಇಲ್ಲಿ ಬರೆದರೆ ನೀವು ಅಕ್ಕನ ವಯಸ್ಸು ಎಣಿಸುತ್ತೀರಿ, ಅವಳು ನನ್ನನ್ನು ಬಯ್ಯುತ್ತಾಳೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಓಣಿಯ ಹೆಂಗಸರು ತಮ್ಮ ತಮ್ಮ ಮೊರಗಳೊಡನೆ ನಮ್ಮ ಪಡಸಾಲೆಗೆ ಬರುತ್ತಿದ್ದರು. ಒಬ್ಬರು ಜೋಳ ಹಸನು ಮಾಡುವರು, ಒಬ್ಬರು ತೊಗರಿಯಲ್ಲಿ ಕಲ್ಲು ಆರಿಸುವರು, ಒಬ್ಬರು ಕೌದಿ ಹೊಲಿಯುವರು. ಅಕ್ಕ ಕಂಬಕ್ಕೆ ಒರಗಿ ಕಾದಂಬರಿ ಓದುವಳು. ಓದು ರಂಗೇರಿದಂತೆ ಮೊರಗಳ ಸಪ್ಪಳ ಸಣ್ಣದಾಗುತ್ತಿತ್ತು. ನಾಯಕಿ ಅತ್ತಾಗ ಸಪ್ಪಳ ನಿಂತೇ ಹೋಗುತ್ತಿತ್ತು. ಆ ವರ್ಷ ನಮ್ಮ ಓಣಿಯ ಬೇಳೆಯಲ್ಲಿ ಕಲ್ಲು ಜಾಸ್ತಿ ಎಂದು ಗಂಡಸರು ಗೊಣಗಿದ್ದಕ್ಕೆ ಕಾರಣ ಅದೇ.

ಅಕ್ಕನ ದನಿ ಹೇಗಿತ್ತೆಂದು ಹೇಳಲಾರೆ. ಶಾಸನದ ಅಚ್ಚು ತೆಗೆಯಲು ಕಲಿಸಿದ ನಮ್ಮ ಇಲಾಖೆ ದನಿಯ ಅಚ್ಚು ತೆಗೆಯುವ ವಿದ್ಯೆ ಕಲಿಸಲಿಲ್ಲ. ಅವಳು ನಾಟಕದವರಂತೆ ಏರಿಳಿಸುತ್ತಿರಲಿಲ್ಲ. ಊರಿಂದ ಬಂದ ಪತ್ರ ಓದುವವಳಂತೆ ಓದುತ್ತಿದ್ದಳು, ಇದೆಲ್ಲ ನಮ್ಮವರಿಗೇ ಆಗಿದೆ ಎಂಬಂತೆ. ನಾನು ಆ ದನಿಯ ಮುಂದೆ ಮೊಣಕಾಲಿಗೆ ಗದ್ದ ಊರಿ ಕುಳಿತು ಬೆಳೆದವನು. ಇತಿಹಾಸವನ್ನು ಓದಬೇಕೆಂಬ ಹಂಬಲ ಹುಟ್ಟಿದ್ದು ಅಲ್ಲಿ, ಯಾವ ಪ್ರಾಧ್ಯಾಪಕರ ಕೋಣೆಯಲ್ಲೂ ಅಲ್ಲ.

ಆ ದಂಡನಾಯಕನ ಕಥೆ ಹದಿನೈದು ದಿನ ನಡೆಯಿತು. ಗಾವುಂಡನ ಮಗಳು ನದಿಯ ದಂಡೆಗೆ ಬಂದು ನಿಂತಳು, ಆಚೆ ದಂಡೆಯಲ್ಲಿ ದೀವಟಿಗೆ ಕಾಣಿಸಿತು, ಅಲ್ಲಿಗೆ ಪುಸ್ತಕ ಹರಿದಿತ್ತು. ಪಡಸಾಲೆಯಲ್ಲಿ ಹಾಹಾಕಾರವೆದ್ದಿತು. ಇನ್ನೊಂದು ಪ್ರತಿ ಕೊಲ್ಹಾರದಲ್ಲಿ ಯಾರದೋ ಮನೆಯಲ್ಲಿದೆ ಎಂಬ ಸುದ್ದಿಯಿತ್ತು, ಆದರೆ ಯಾರೂ ಹೋಗಿ ತರಲಿಲ್ಲ; ಮುಂದೆ ಹಳೆಯ ಕೊಲ್ಹಾರವೇ ಕೃಷ್ಣೆಯ ಹಿನ್ನೀರಿಗೆ ಹೋಗಿ, ಎತ್ತರದಲ್ಲಿ ಹೊಸ ಊರು ಎದ್ದಿತು. ಕೊನೆಗೆ ಹೆಂಗಸರು ಅಕ್ಕನಿಗೇ ಗಂಟುಬಿದ್ದರು.

“ನೀನೇ ಹೇಳಬೇ ಶಾಂತಾ, ಇಷ್ಟು ಓದೀದಿ, ಕೊನಿಗೆ ಏನಾಗಿರಬೇಕು?”

“ನಾಳೆ ಹೇಳತೇನಿ, ಒಂದು ರಾತ್ರಿ ಕೊಡ್ರಿ ನನಗ” ಎಂದಳು ಅಕ್ಕ. ಅವಳ ಮುಖದಲ್ಲಿ ಅಂಥ ಹುರುಪನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಾನು ಆಗ ವಿಜಯಪುರದಲ್ಲಿ ಕಾಲೇಜಿಗೆ ಹೋಗುತ್ತಿದ್ದು, ರಜೆಗೆ ಊರಿಗೆ ಬಂದಿದ್ದೆ. ಹಳಗನ್ನಡದ ನಾಲ್ಕಕ್ಷರ ಓದಲು ಬಂದಿತ್ತು. ಶಾಸನಗಳ ಮುದ್ರಿತ ಪಟ್ಟಿಯೊಂದು ಕೈಗೆ ಸಿಕ್ಕಿತ್ತು. ಅದರಲ್ಲಿ ಆ ದಂಡನಾಯಕನ ಹೆಸರಿನ ಒಂದು ವೀರಗಲ್ಲಿನ ವಿವರವಿತ್ತು. ಮರುದಿನ ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. ಕಾದಂಬರಿಕಾರರು ದೊಡ್ಡ ಪ್ರಮಾದ ಮಾಡಿದ್ದಾರೆಂದೂ, ವೀರಗಲ್ಲಿನ ಪ್ರಕಾರ ದಂಡನಾಯಕ ಊರ ದನಗಳನ್ನು ಕಳ್ಳರಿಂದ ಬಿಡಿಸುವ ಕಾಳಗದಲ್ಲಿ ಮಡಿದನೆಂದೂ, ಗಾವುಂಡನ ದಾನಶಾಸನದ ಕಾಲವನ್ನು ನೋಡಿದರೆ ಅವನು ಸತ್ತಾಗ ಆ ಹುಡುಗಿ ಹುಟ್ಟಿಯೇ ಇರಲಿಲ್ಲವೆಂದೂ, ಆದಕಾರಣ ಇಬ್ಬರೂ ಭೇಟಿಯಾಗುವ ಪ್ರಶ್ನೆಯೇ ಉದ್ಭವಿಸುವುದಿಲ್ಲವೆಂದೂ ಸಾಧಾರವಾಗಿ ಸಾಧಿಸಿ ತೋರಿಸಿದೆ.

ಮೊರಗಳ ಸಪ್ಪಳ ನಿಂತಿತು. ನಮ್ಮ ದೊಡ್ಡವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು: “ಹಂಗಾರ ಇಷ್ಟು ದಿವಸ ನಾವು ಯಾರ ಸಲುವಾಗಿ ಅತ್ತೇವೋ ತಮ್ಮಾ?”

ನಾನು ಉತ್ತರಕ್ಕಾಗಿ ಪಟ್ಟಿಯ ಹಾಳೆ ತಿರುವಿದೆ. ಅಕ್ಕ ಪುಸ್ತಕ ಮುಚ್ಚಿ ಒಳಗೆ ಹೋದಳು.

ಅವಳು ಸಿಟ್ಟು ಮಾಡಲಿಲ್ಲ, ಜಗಳವಾಡಲಿಲ್ಲ. ಆದರೆ ಆ ದಿನದಿಂದ ನಾನಿರುವಾಗ ಅವಳು ಗಟ್ಟಿಯಾಗಿ ಓದಲಿಲ್ಲ. ಮುಂದಿನ ವರ್ಷ ಮದುವೆಯಾಗಿ ಮುದ್ದೇಬಿಹಾಳಕ್ಕೆ ಹೋದಳು. ಅಲ್ಲಿಯೂ ಪಡಸಾಲೆ ಕೂಡಿತು, ಅಲ್ಲಿಯೂ ಓದು ನಡೆಯಿತು. ನಾನು ಹೋದಾಗಲೆಲ್ಲ ಓಣಿಯ ತಿರುವಿನಿಂದಲೇ ಅವಳ ದನಿ ಕೇಳುತ್ತಿತ್ತು. ಹೊಸ್ತಿಲಲ್ಲಿ ನನ್ನ ಚಪ್ಪಲಿಯ ಸಪ್ಪಳವಾದೊಡನೆ ನಿಂತುಬಿಡುತ್ತಿತ್ತು. “ಬಾರೋ, ಚಹಾ ಮಾಡಲೇನು?” ಎನ್ನುತ್ತಿದ್ದಳು, ಪುಸ್ತಕವನ್ನು ಲೋಡಿನ ಹಿಂದೆ ಸರಿಸುತ್ತ. ಒಮ್ಮೆ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆಯ ಪಕ್ಕ ನಿಂತು ಕೇಳುತ್ತಿದ್ದೆ. ನಾಯಕಿಯ ತಂದೆ ಮನಸ್ಸು ಬದಲಿಸುವ ಹೊತ್ತಿಗೆ ಮಗ್ಗುಲ ಮನೆಯ ಫಾತಿಮಾಬಿ ಕೊಡ ಹೊತ್ತು ಬಂದವರು ನೋಡಿಬಿಟ್ಟರು.

“ಯಾಕ್ರಿ ಸಾಹೇಬ್ರ, ಕಳ್ಳರಂಗ ನಿಂತೀರಲ್ಲ? ಅಕ್ಕನ ಮನ್ಯಾಗ ಬಾಗಲಾ ಇಲ್ಲೇನು?”

ಒಳಗೆ ದನಿ ನಿಂತಿತು. ನಾಯಕಿಯ ತಂದೆ ಏನು ಮಾಡಿದನೆಂದು ನನಗೆ ಇಂದಿಗೂ ತಿಳಿಯದು.

ಇನ್ನೊಂದು ಸಂಗತಿಯನ್ನೂ ಒಪ್ಪಿಕೊಳ್ಳಬೇಕು. ನೌಕರಿಗೆ ಸೇರಿ ಎಷ್ಟೋ ವರ್ಷಗಳ ಮೇಲೆ ದೇವಣಗಾಂವದ ಕಡೆಗೆ ಹೋದಾಗ ಆ ವೀರಗಲ್ಲನ್ನು ಹುಡುಕಿಕೊಂಡು ಹೋದೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿಯ ಅಚ್ಚು ತೆಗೆದೆ. ಮುದ್ರಿತ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಒಂದು ಸಾಲು ಕೆಳಗೆ ಮಣ್ಣಿನಲ್ಲಿ ಹೂತಿತ್ತು. ಅಲ್ಲಿ ಮಡಿದವನ ಮಗನ ಹೆಸರೂ ಮೊಮ್ಮಗನ ಹೆಸರೂ ಇದ್ದವು. ಮೊಮ್ಮಗನಿಗೆ ಅಜ್ಜನದೇ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ನನಗೂ ನನ್ನ ಅಜ್ಜನ ಹೆಸರೇ. ಆದರೂ ನನಗೆ ಹೊಳೆದಿರಲಿಲ್ಲ. ಕಾಳಗದಲ್ಲಿ ಸತ್ತವನು ಅಜ್ಜ. ಕಾದಂಬರಿಯ ದಂಡನಾಯಕ ಮೊಮ್ಮಗ. ಗಾವುಂಡನ ಮಗಳಿಗೆ ಸರಿಯಾದ ವಯಸ್ಸಿನವನು. ನಾನು ಪಡಸಾಲೆಯಲ್ಲಿ ಎದ್ದು ನಿಂತು, ಬದುಕಿದ್ದ ಒಬ್ಬ ಮನುಷ್ಯನನ್ನು ಅವನ ಅಜ್ಜನ ಮರಣದ ದಾಖಲೆ ತೋರಿಸಿ ಕೊಂದಿದ್ದೆ.

ತಪ್ಪನ್ನು ನಾನು ಮುಚ್ಚಿಡಲಿಲ್ಲ. ಒಂದು ಸಂಶೋಧನ ಲೇಖನದಲ್ಲಿ, ಅಡಿಟಿಪ್ಪಣಿಯಾಗಿ, ಸ್ಪಷ್ಟವಾಗಿ ಬರೆದೆ. ಅಡಿಟಿಪ್ಪಣಿಯನ್ನು ಮುದ್ದೇಬಿಹಾಳದಲ್ಲಿ ಯಾರು ಓದುತ್ತಾರೆ? ಅಕ್ಕನಿಗೆ ಬಾಯಿಬಿಟ್ಟು ಹೇಳಬೇಕಾಗಿತ್ತು. ಮುಂದಿನ ದೀಪಾವಳಿಗೆ ಹೇಳೋಣ, ಮುಂದಿನ ಪಂಚಮಿಗೆ ಹೇಳೋಣ ಎಂದು ದಿನ ನೂಕಿದೆ.

ಇಂಡಿಯಿಂದ ಪುಸ್ತಕದೊಡನೆ ಮನೆಗೆ ಬಂದು ಅಂದೇ ಅಕ್ಕನಿಗೆ ಫೋನು ಮಾಡಿದೆ. ಆಕೆಯ ಕಣ್ಣು ಮಂಜಾಗುತ್ತ ಬಂದಿರುವುದು ನನಗೆ ಗೊತ್ತಿತ್ತು; ಎಷ್ಟು ಮಂಜಾಗಿದೆ ಎಂಬುದು ಗೊತ್ತಿರಲಿಲ್ಲ.

“ಡಾಕ್ಟರು ಏನಂದ್ರು?”

“ಕಣ್ಣಿನ ಹಿಂದಿನ ಪರದೆ ಸವದೈತಂತ. ಆಪರೇಶನ್‌ದಾಗ ಬರೂದಲ್ಲಂತ. ಬಸ್ಸಿನ ಬೋರ್ಡು ಓದತೇನಿ, ಅಂಗಡಿ ಬೋರ್ಡು ಓದತೇನಿ. ಪುಸ್ತಕ ಆಗಂಗಿಲ್ಲ. ಆ ಬೋರ್ಡಾದ್ರೂ ಎಷ್ಟು ದಿನ ಓದತೇನೋ ಯಾರಿಗೆ ಗೊತ್ತು.”

“ಭೂತಗನ್ನಡಿ ಕೊಟ್ಟಿದ್ದೆನಲ್ಲ?”

“ಅದರಾಗ ಒಂದೊಂದ ಅಕ್ಷರ ಕಾಣತೈತಿ. ಒಂದೊಂದ ಅಕ್ಷರ ಓದಾಕ ನಾನೇನು ನಿನ್ನಂಗ ಶಾಸನ ಓದಾಕಿಯೇನು?”

ಅವಳಿಗೆ ಪುಸ್ತಕದ ವಿಷಯ ಹೇಳಲಿಲ್ಲ. ನನಗೆ ಬೇಕಾಗಿದ್ದುದು ಏನೆಂಬುದು ಆ ಕ್ಷಣದಲ್ಲಿ ನಾಚಿಕೆಯಾಗುವಷ್ಟು ಸ್ಪಷ್ಟವಾಯಿತು. ಆ ನಾಲ್ಕು ಹಾಳೆಗಳನ್ನು ಅವಳಿಗೆ ಓದಿ ಹೇಳುವುದು ಸುಲಭ, ಯಾರಾದರೂ ಮಾಡಬಹುದು. ನನಗೆ ಬೇಕಾಗಿದ್ದುದು ಅವಳು ಓದುವುದು, ನಾನು ಕೇಳುವುದು. ಒಮ್ಮೆ. ಅವಳಿಗೆ ಅಂಗಡಿಯ ಬೋರ್ಡು ಕಾಣುತ್ತಿರುವಾಗಲೇ.

ದೊಡ್ಡ ಡ್ರಾಯಿಂಗ್ ಕಾಗದಗಳನ್ನು ತಂದೆ. ಹಳೆಯ ದಪ್ಪ ಲೇಖನಿಯನ್ನು ತೊಳೆದು, ಕಪ್ಪು ಮಸಿಯಲ್ಲಿ, ಹೆಬ್ಬೆರಳ ಗಾತ್ರದ ಅಕ್ಷರಗಳಲ್ಲಿ ಬರೆಯತೊಡಗಿದೆ. ಎಂಟು ಪುಟಗಳ ಬರಹ ಇಪ್ಪತ್ತೆರಡು ಕಾಗದಗಳಾಯಿತು. ಬೆಳಿಗ್ಗೆ ಎರಡು, ಸಂಜೆ ಒಂದು. ಅದಕ್ಕಿಂತ ಹೆಚ್ಚಿಗೆ ಕೈ ಒಪ್ಪಲಿಲ್ಲ. ಒಂಬತ್ತನೆಯ ಕಾಗದಕ್ಕೆ ಬಂದಾಗ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ಶ್ರಾವಣ ಶುದ್ಧ ಪಂಚಮಿಯ ಸಂಜೆ, ನದಿಯ ಮೂಡಣದ ದಂಡೆಯಲ್ಲಿ ಚಂದ್ರ ಉದಯಿಸಿದನೆಂದು ಕಾದಂಬರಿಕಾರರು ಬರೆದಿದ್ದರು. ಪಂಚಮಿಯ ಚಂದ್ರ ಸಂಜೆ ಹುಟ್ಟುವುದಿಲ್ಲ. ಹೊತ್ತು ಮುಳುಗುವಾಗ ಅವನು ಆಗಲೇ ಪಡುವಣಕ್ಕೆ ಇಳಿಯುತ್ತಿರುತ್ತಾನೆ. ತಿಥಿಯನ್ನು ಹುಣ್ಣಿಮೆ ಎಂದು ಬದಲಿಸಿದರೆ ಎಲ್ಲ ಸರಿಹೋಗುತ್ತಿತ್ತು. ಒಂದೇ ಪದ. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಲೇಖನಿ ಎತ್ತಿ ಬಹಳ ಹೊತ್ತು ಕುಳಿತೆ. ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಕಲ್ಲಿನಲ್ಲಿ ಏನಿದೆಯೋ ಅದನ್ನೇ ಬರೆದುಕೊಳ್ಳಬೇಕು. ಕೆತ್ತಿದವನು ತಪ್ಪು ಮಾಡಿದ್ದರೆ ಆ ತಪ್ಪನ್ನೂ. ಸಾವಿರ ವರ್ಷದ ಹಿಂದಿನ ಕಲ್ಲುಕುಟಿಗನಿಗೆ ನಾನು ಜೀವನವಿಡೀ ಸಲ್ಲಿಸಿದ ಈ ಮರ್ಯಾದೆಯನ್ನು ಒಬ್ಬನೇ ಒಬ್ಬ ಕಾದಂಬರಿಕಾರನಿಗೂ ಸಲ್ಲಿಸಿರಲಿಲ್ಲ. ಚಂದ್ರನನ್ನು ಮೂಡಣದಲ್ಲಿಯೇ ಹುಟ್ಟಿಸಿ, ಮುಂದಿನ ಸಾಲಿಗೆ ಹೋದೆ.

ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅಕ್ಕನ ಸೊಸೆ ಶಾಲೆಯಲ್ಲಿ ಕಲಿಸಲು ಹೋಗಿದ್ದಳು. ಅಕ್ಕನೂ ಫಾತಿಮಾಬಿಯವರೂ ಕಿಟಕಿಯ ಬಳಿ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ನಾನು ಕಾಗದದ ಸುರುಳಿಯನ್ನು ಮಂಚದ ಮೇಲಿಟ್ಟು, ಚಹಾ ಬರುವ ಮೊದಲೇ, ವೀರಗಲ್ಲಿನ ವಿಷಯವನ್ನು ಅಜ್ಜ ಮೊಮ್ಮಗರ ಸಮೇತ ಹೇಳಿ ಮುಗಿಸಿದೆ.

ಅಕ್ಕ ಬೀಜ ತೆಗೆಯುವುದನ್ನು ನಿಲ್ಲಿಸಲಿಲ್ಲ. “ಹಂಗಾರ ಅವ ಸತ್ತಿರಲಿಲ್ಲ ಅಂತೀ?”

“ಸತ್ತಿರಲಿಲ್ಲ. ತಪ್ಪು ನಂದು.”

“ಇದನ್ನ ಹೇಳಾಕ ಸಿಂದಗಿಯಿಂದ ಬಂದೀಯೇನು? ನಾ ಅವನ್ನ ಅವತ್ತ ರಾತ್ರೀನ ಬದುಕಿಸೇನಿ. ಈ ಓಣ್ಯಾಗ ಕೇಳು, ಅವನ ಮಕ್ಕಳು ಎಷ್ಟು ಅಂತ ಹೇಳತಾರ.”

“ಎರಡು ಗಂಡು, ಒಂದು ಹೆಣ್ಣು” ಎಂದರು ಫಾತಿಮಾಬಿ.

“ಮತ್ತ ನಾ ಬಂದಾಗೆಲ್ಲ ಓದೂದು ಯಾಕ ನಿಂದರಸತಿದ್ದಿ?”

“ನೀ ಇದ್ದಾಗ ಓದಿದ್ರ ಮಂದಿ ಸಾಯತಾರೋ!”

ಇಬ್ಬರೂ ಹುಣಸೆಯ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ; ಅವಳ ಓದು ಕೇಳದೆ ಇಷ್ಟು ವರ್ಷ ನಾನು ತೆತ್ತ ದಂಡ ಎಷ್ಟೆಂಬುದು ಮಾತ್ರ ನನಗೊಬ್ಬನಿಗೇ ಗೊತ್ತು. ಸುರುಳಿ ಬಿಚ್ಚಿ ಮೊದಲ ಕಾಗದವನ್ನು ಅವಳ ಮುಂದೆ ಹಿಡಿದೆ. ಅಕ್ಕ ಕೈ ಒರೆಸಿಕೊಂಡು, ಅದನ್ನು ಕಣ್ಣಿಗೆ ಹತ್ತಿರ ತಂದು, ದೂರ ಸರಿಸಿ, ಓರೆಯಾಗಿ ಕಿಟಕಿಯ ಬೆಳಕಿಗೆ ತಿರುಗಿಸಿದಳು. ತುಟಿಗಳು ಅಲುಗಿದವು. ನದಿ, ದೀವಟಿಗೆ, ದಂಡನಾಯಕನ ಹೆಸರು.

“ಎಲ್ಲಿ ಸಿಕ್ಕಿತೋ ಇದು?” ದನಿ ಸಣ್ಣದಾಗಿತ್ತು.

“ಇಂಡ್ಯಾಗ.”

“ಗಟ್ಟ್ಯಾಗಿ ಓದಬೇ, ನನಗೂ ಕೇಳಲಿ” ಎಂದರು ಫಾತಿಮಾಬಿ.

ಅಕ್ಕ ನನ್ನ ಕಡೆಗೆ ಮುಖ ತಿರುಗಿಸಿದಳು. ನನ್ನ ಮುಖ ಅವಳಿಗೆ ಕಾಣುತ್ತಿತ್ತೋ ಇಲ್ಲವೋ. ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋಗಬೇಕೇ ಎಂದು ಯೋಚಿಸುವಷ್ಟರಲ್ಲಿ ಅವಳು ಓದತೊಡಗಿದಳು.

ದನಿಗೆ ವಯಸ್ಸಾಗಿತ್ತು. ಸಾಲಿನ ನಡುವೆ ತಡವರಿಸಿತು, ಒತ್ತಕ್ಷರಗಳಲ್ಲಿ ನಿಂತು ನಿಂತು ನಡೆಯಿತು. ಆದರೂ ಊರಿಂದ ಬಂದ ಪತ್ರದ ಆ ಓದು ಹಾಗೆಯೇ ಇತ್ತು. ನಾನು ಮೊಣಕಾಲಿಗೆ ಗದ್ದ ಊರಲು ಹೋದೆ, ಮೊಣಕಾಲು ಒಪ್ಪಲಿಲ್ಲ. ಒಂಬತ್ತನೆಯ ಕಾಗದ ಬಂತು. ಪಂಚಮಿಯ ಸಂಜೆ ಮೂಡಣದಲ್ಲಿ ಚಂದ್ರ ಹುಟ್ಟಿದ.

“ಏ ನಿಂದರಬೇ ಶಾಂತವ್ವಾ” ಎಂದರು ಫಾತಿಮಾಬಿ. “ಐದು ದಿನದ ಚಂದ್ರ ಮೂಡಲಕ್ಕ ಹೆಂಗ ಹುಟ್ಟಿದ? ನಾವು ಹಬ್ಬಕ್ಕ ಚಂದ್ರನ್ನ ನೋಡೂದು ಪಡುವಲ ಮುಖ ಮಾಡಿ. ಹೌದಲ್ರಿ ಸಾಹೇಬ್ರ? ನೀವು ಕಲತವರು, ಹೇಳ್ರಿ.”

ಇಬ್ಬರೂ ನನ್ನತ್ತ ನೋಡಿದರು. ಅಕ್ಕನ ಬೆರಳು ಆ ಸಾಲಿನ ಮೇಲೆಯೇ ನಿಂತಿತ್ತು. ಕೋಷ್ಟಕದ ಪುಟಸಂಖ್ಯೆ ಕೂಡ ನನ್ನ ನಾಲಗೆಯ ತುದಿಗೆ ಬಂದಿತ್ತು.

“ಹುಟ್ಟಲಿ ಬಿಡ್ರಿ” ಎಂದೆ. “ನದಿ ದಾಟಾಕ ಅವರಿಗೆ ಬೆಳಕು ಬೇಕಾಗಿತ್ತು.”

ಅಕ್ಕನ ಬೆರಳು ಮುಂದಿನ ಪದಕ್ಕೆ ಸರಿಯಿತು. ದಂಡನಾಯಕ ತೆಪ್ಪವೇರಿದ, ತೆಪ್ಪ ಸುಳಿಗೆ ಸಿಕ್ಕಿತು, ಗಾವುಂಡನ ಮಗಳು ನೀರಿಗಿಳಿದಳು. ಹುಣಸೆಹಣ್ಣು ಹಾಗೆಯೇ ಉಳಿಯಿತು. ಹತ್ತೊಂಬತ್ತನೆಯ ಕಾಗದ ಮುಗಿದಾಗ ಅಕ್ಕ ಅದನ್ನು ಕೆಳಗಿಟ್ಟು, ಎರಡೂ ಕಣ್ಣುಗಳನ್ನು ಸೆರಗಿನಿಂದ ಒತ್ತಿಕೊಂಡಳು.

“ಸಾಕು ಇವತ್ತಿಗೆ. ಕಣ್ಣಾಗ ನೀರ ಬರಾಕತ್ತಾವು.”

“ಮುಂದ ಏನಾತು?” ಎಂದೆ.

“ನನ್ನೇನು ಕೇಳತಿ? ನಿನ್ನ ಕೈಯಾರ ಬರದೀಯಲ್ಲೋ!”

“ಬರದೇನಿ, ಖರೆ. ಕೇಳಿಲ್ಲ.”

ಅಕ್ಕ ಇಪ್ಪತ್ತನೆಯ ಕಾಗದವನ್ನು ಎತ್ತಿಕೊಂಡು ಕಿಟಕಿಯತ್ತ ಓರೆ ಮಾಡಿದಳು.

“ಹಂಗಾರ ಇತ್ತ ಸರದು ಕೂಡು. ನಿನ್ನ ನೆರಳು ಹಾಳಿ ಮ್ಯಾಲ ಬೀಳಾಕತ್ತೈತಿ.”

ನಾನು ಸರಿದು ಅವಳ ಮಗ್ಗುಲಿಗೆ ಕುಳಿತೆ.